ಮಾತಿನಿಂದ ಅಂಕಿ, ಅಂಕಿಯಿಂದ ಕೀಲಿಕೈ

ವಾಡಿಯಿಂದ ಸಿಕಂದರಾಬಾದಿನತ್ತ ಹೊರಟ ರೈಲು ಚಿತ್ತಾಪುರ ದಾಟಿದ ಮೇಲೆ, ಸೇಡಂ ಬರುವ ಮುನ್ನ, ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗದಿಂದಾಗಿ ಅಮೋಘವರ್ಷ ನೃಪತುಂಗನ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಅವನ ಆಳ್ವಿಕೆಯಲ್ಲೇ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ನೆನೆಯುವವರು ಕಡಿಮೆ. ಇಂದಿನ ವೈಫೈ ಪೆಟ್ಟಿಗೆಗಳನ್ನು ಕೆಲಕಾಲ ಕಾಡಿದ ತೊಡಕೊಂದನ್ನು ತಿಳಿಯಲು ಆ ಗ್ರಂಥ ಒಳ್ಳೆಯ ದಾರಿ ತೋರುತ್ತದೆ.

ಹಿಂದಿನವರು ಗಣಿತವನ್ನೂ ಶ್ಲೋಕದಲ್ಲೇ ಬರೆಯುತ್ತಿದ್ದರು. ಅಂಕಿ ಛಂದಸ್ಸಿಗೆ ಒಗ್ಗದು. ಆದ್ದರಿಂದ ಅಂಕಿಗೆ ಬದಲಾಗಿ ಪದ. ಶಶಿ ಎಂದರೆ 1, ನೇತ್ರ ಎಂದರೆ 2, ಸಾಗರ ಎಂದರೆ 4. ಬಿಡಿ ಸ್ಥಾನದಿಂದ ಮೊದಲುಮಾಡಿ ಓದಬೇಕಾದ್ದರಿಂದ ‘ಶಶಿ-ನೇತ್ರ-ಸಾಗರ’ ಎಂದರೆ 421. ನಿಯಮ ತಿಳಿಯದವನಿಗೆ 124. ಪದಗಳಲ್ಲೂ ಪೇಚುಂಟು. ದಿಕ್ಕು ನಾಲ್ಕೋ, ಎಂಟೋ, ಹತ್ತೋ? ತತ್ತ್ವ ಜೈನರಿಗೆ ಏಳು, ಸಾಂಖ್ಯರಿಗೆ 25. ಮಹಾವೀರಾಚಾರ್ಯ ಲೆಕ್ಕಕ್ಕೆ ಇಳಿಯುವ ಮೊದಲೇ, ಸಂಜ್ಞಾಧಿಕಾರದಲ್ಲಿ, ಯಾವ ಸಂಖ್ಯೆಗೆ ಯಾವ ಪದಗಳು ಎಂದು ಪಟ್ಟಿ ಕೊಟ್ಟುಬಿಟ್ಟ. ಗ್ರಂಥ ಎಲ್ಲಿಗೆ ಹೋದರೂ ಪಟ್ಟಿ ಜೊತೆಗೇ ಹೋಗುತ್ತಿತ್ತು.

ತಂತಿಯಿಲ್ಲದ ಜಾಲಕ್ಕೆ 1997ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂದಾಗ ಇಷ್ಟು ಎಚ್ಚರ ಇರಲಿಲ್ಲ. ಗಾಳಿಯಲ್ಲಿ ಹರಿಯುವ ಮಾಹಿತಿಯನ್ನು ಅಕ್ಕಪಕ್ಕದವರು ಓದದಂತೆ ಗೂಢಲಿಪಿಗೆ ತಿರುಗಿಸುವ ವಿಧಾನಕ್ಕೆ ‘ವೆಪ್’ ಎಂದು ಹೆಸರು. ಎರಡೂ ತುದಿಯ ಯಂತ್ರಗಳಲ್ಲಿ ಒಂದೇ ಕೀಲಿಕೈ ಇರಬೇಕು. ಆ ಕೀಲಿಕೈ 40 ಬಿಟ್‌ಗಳ ಸಂಖ್ಯೆ. ಹದಿನಾರರ ಎಣಿಕೆಯಲ್ಲಿ ಬರೆದರೆ ಹತ್ತು ಅಂಕಿ. ಇದನ್ನು ಯಾರು ನೆನಪಿಡುತ್ತಾರೆ? ತಯಾರಕರು ಒಂದು ಅನುಕೂಲ ಕಲ್ಪಿಸಿದರು: ಬಳಕೆದಾರ ಒಂದು ಪದ ಕೊಟ್ಟರೆ ಸಾಕು, ಅದನ್ನು ಸಂಖ್ಯೆಯಾಗಿಸುವ ಕೆಲಸ ಯಂತ್ರದ್ದು. ಆದರೆ ಹೇಗೆ ಆಗಿಸಬೇಕೆಂದು ಮಾನಕ ಹೇಳಿರಲಿಲ್ಲ.

ಪರಿಣಾಮ ಊಹಿಸಬಹುದು. ಒಂದು ಕಂಪನಿಯ ಪೆಟ್ಟಿಗೆಗೂ ಇನ್ನೊಂದು ಕಂಪನಿಯ ಕಂಪ್ಯೂಟರಿಗೂ ಒಂದೇ ಪದ ಕೊಟ್ಟರೂ ಸಂಪರ್ಕ ಆಗುತ್ತಿರಲಿಲ್ಲ. ಪದ ಸರಿ, ಎರಡು ಕಡೆ ಹುಟ್ಟಿದ ಸಂಖ್ಯೆ ಬೇರೆ ಬೇರೆ. 1999ರಲ್ಲಿ ಏರ್‌ಪೋರ್ಟ್ ಎಂಬ ಪೆಟ್ಟಿಗೆ ತಂದ ಆ್ಯಪಲ್ ಕಂಪನಿಯ ರೀತಿಯೇ ಬೇರೆಯಾಗಿದ್ದರಿಂದ, ಪರಕಂಪನಿಯ ಯಂತ್ರಗಳಿಗಾಗಿ ‘ಈಕ್ವಿವಲೆಂಟ್ ನೆಟ್‌ವರ್ಕ್ ಪಾಸ್‌ವರ್ಡ್’ ಎಂಬ ಹೆಸರಿನಲ್ಲಿ ಆ ಉದ್ದನೆಯ ಅಂಕಿಯನ್ನೇ ತೋರಿಸುವ ಏರ್ಪಾಡು ಮಾಡಬೇಕಾಯಿತು. ಅನುಕೂಲ ಹೋಗಿ ಮತ್ತೆ ಅಂಕಿಗೇ ಬಂದು ನಿಂತಂತಾಯಿತು!

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ದೋಷ. 40 ಬಿಟ್ಟಿನ ಕೀಲಿಕೈ ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಹಲವು ತಯಾರಕರು ಬಳಸಿದ ಒಂದು ಪರಿವರ್ತನೆಯಲ್ಲಿ ನಿಜಕ್ಕೂ ಉಳಿಯುತ್ತಿದ್ದುದು ಸುಮಾರು 21 ಲಕ್ಷ ಮಾತ್ರ ಎಂದು ಟಿಮ್ ನ್ಯೂಶಾಮ್ 2001ರಲ್ಲಿ ತೋರಿಸಿದರು. ಸಾಧಾರಣ ಕಂಪ್ಯೂಟರಿಗೂ ಇದು ದೊಡ್ಡ ಕೆಲಸವಲ್ಲ. ಅದೇ ವರ್ಷ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವೆಪ್‌ನ ಬುಡವೇ ಸಡಿಲವೆಂದು ಸಾಬೀತುಪಡಿಸಿದರು.

2003ರಲ್ಲಿ ಬಂದ ‘ಡಬ್ಲ್ಯುಪಿಎ’ ಮತ್ತು 2004ರ ಪರಿಷ್ಕೃತ ಮಾನಕ ಈ ಪಾಠ ಕಲಿತವು. 8ರಿಂದ 63 ಅಕ್ಷರಗಳ ಪದಗುಚ್ಛ, ಅದಕ್ಕೆ ಜಾಲದ ಹೆಸರು ಬೆರೆಸಿ 4096 ಸಲ ಕಡೆದರೆ 256 ಬಿಟ್ಟಿನ ಕೀಲಿಕೈ. ವಿಧಾನ ಮಾನಕದಲ್ಲೇ ಬರೆದಿರುವುದರಿಂದ ಯಾವ ಕಂಪನಿಯ ಯಂತ್ರವಾದರೂ ಫಲ ಒಂದೇ. ಪದಗುಚ್ಛ ಅದೇ ಇದ್ದರೂ ಜಾಲದ ಹೆಸರು ಬದಲಿಸಿದರೆ ಕೀಲಿಕೈ ಬದಲಾಗುತ್ತದೆ.

ಕನ್ನಡಿಗರಿಗೆ ಒಂದು ಸಣ್ಣ ತೊಡಕು ಉಳಿಯಿತು. ಈ ಪದಗುಚ್ಛದಲ್ಲಿ ಸಲ್ಲುವುದು ಇಂಗ್ಲಿಷ್ ಕೀಲಿಮಣೆಯ 95 ಅಕ್ಷರ, ಅಂಕಿ, ಚಿಹ್ನೆಗಳಷ್ಟೇ. ಮಳಖೇಡ ಎಂದು ರೋಮನ್ ಲಿಪಿಯಲ್ಲಿಯೇ ಬರೆಯಬೇಕು, ಮತ್ತು ಆ ಊರಿಗೆ ರೋಮನ್ ಲಿಪಿಯಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತಗಳಿವೆ.