ಶೀಲಾ ಗೌಡ

ಶೀಲಾ ಗೌಡ (ಜನನ: ೧೯೫೭, ಭದ್ರಾವತಿ) ಕರ್ನಾಟಕದ ಸಮಕಾಲೀನ ಕಲಾವಿದೆ. ಮಿಶ್ರ ಮಾಧ್ಯಮ ಹಾಗೂ ಪ್ರತಿಷ್ಠಾಪನಾ ಕಲೆಯಲ್ಲಿ ಅಂತರರಾಷ್ಟ್ರೀಯ ಮನ್ನಣೆ ಗಳಿಸಿದ್ದಾರೆ. ಸಗಣಿ, ಕುಂಕುಮ, ದಾರ, ಮನುಷ್ಯರ ಕೂದಲು, ಊದುಬತ್ತಿಯ ಹಿಟ್ಟು, ಡಾಂಬರಿನ ಡ್ರಮ್ಮು, ಒರಳುಕಲ್ಲು ಮೊದಲಾದ ದಿನಬಳಕೆಯ ವಸ್ತುಗಳೇ ಅವರ ಕಲೆಯ ಸಾಮಗ್ರಿ. ಆ ವಸ್ತುಗಳೊಂದಿಗೆ ಬೆಸೆದುಕೊಂಡಿರುವ ದುಡಿಮೆ, ನಂಬಿಕೆ ಮತ್ತು ಹಿಂಸೆ, ಅದರಲ್ಲಿಯೂ ಕಣ್ಣಿಗೆ ಬೀಳದೆ ಉಳಿಯುವ ಮಹಿಳೆಯರ ಶ್ರಮ, ಅವರ ಕೃತಿಗಳ ಮುಖ್ಯ ವಸ್ತುವಿಷಯ. ಅವರು ಬೆಂಗಳೂರಿನಲ್ಲಿ ನೆಲೆಸಿದ್ದಾರೆ.

ಶಿಕ್ಷಣ

ಆರ್. ಎಂ. ಹಡಪದ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕೆನ್ ಕಲಾಶಾಲೆಯಲ್ಲಿ ಶೀಲಾ ಗೌಡ ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿ ೧೯೭೯ರಲ್ಲಿ ಡಿಪ್ಲೊಮಾ ಪಡೆದರು. ಅನಂತರ ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ೧೯೮೨ರಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ೧೯೮೬ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ಚಿತ್ರಪಟದಿಂದ ಸಗಣಿಯ ಕಡೆಗೆ

ಚಿತ್ರಕಲಾವಿದೆಯಾಗಿ ತರಬೇತಿ ಪಡೆದ ಅವರ ಕಲೆ ೧೯೯೦ರ ದಶಕದ ಆರಂಭದಲ್ಲಿ ಹೊಸ ದಾರಿ ಹಿಡಿಯಿತು. ೧೯೯೨ರ ಡಿಸೆಂಬರ್‌ನಲ್ಲಿ ಅಯೋಧ್ಯೆಯ ಬಾಬರಿ ಮಸೀದಿಯ ಧ್ವಂಸ ಹಾಗೂ ಅದನ್ನು ಹಿಂಬಾಲಿಸಿದ ಮುಂಬಯಿಯ ಗಲಭೆಗಳು ಈ ಬದಲಾವಣೆಯ ಹಿನ್ನೆಲೆಯಲ್ಲಿವೆ. ಬಣ್ಣದ ಜೊತೆಗೆ ಸಗಣಿಯನ್ನು ಬಳಸತೊಡಗಿದ ಅವರು ಕ್ರಮೇಣ ಸಗಣಿಯಿಂದಲೇ ಕೃತಿಗಳನ್ನು ರಚಿಸಿದರು.

ಗ್ರಾಮೀಣ ಮನೆಗಳಲ್ಲಿ ಸಗಣಿ ಅಂಗಳ ಸಾರಿಸುವ, ಬೆರಣಿ ತಟ್ಟಿ ಒಲೆ ಉರಿಸುವ ಪದಾರ್ಥ. ಪೂಜೆಯಲ್ಲಿ ಪವಿತ್ರ ದ್ರವ್ಯ. ಅದನ್ನು ಬಾಚಿ, ಕಲಸಿ, ತಟ್ಟುವ ಕೆಲಸ ಮಾತ್ರ ಬಹುಮಟ್ಟಿಗೆ ಹೆಂಗಸರದು. ಧರ್ಮದ ಹೆಸರಿನಲ್ಲಿ ಹಿಂಸೆ ನಡೆಯುತ್ತಿದ್ದ ಕಾಲದಲ್ಲಿ, ಪವಿತ್ರವೆಂದು ಎಣಿಸಲಾದ ಅದೇ ದ್ರವ್ಯವನ್ನು ಅವರು ಮನೆಗೆಲಸದ ನೆಲೆಯಿಂದ ಮರುಪರಿಶೀಲಿಸಿದರು. ಸಗಣಿಯ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ನಡುವೆ ಕೆಂಪು ವರ್ಣದ್ರವ್ಯ ತುಂಬಿದ ‘ಮಾರ್ಟರ್ ಲೈನ್’ (೧೯೯೬) ಈ ಹಂತದ ಕೃತಿ.

ಪ್ರಮುಖ ಕೃತಿಗಳು

ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್ (೧೯೯೮): ಶೀರ್ಷಿಕೆಯ ಅರ್ಥ ‘ನನ್ನ ನೋವನ್ನು ಅವನಿಗೆ ತಿಳಿಸು’. ಸೂಜಿಗಳ ಕಣ್ಣಿನಲ್ಲಿ ಬಹು ಉದ್ದದ ದಾರಗಳನ್ನು ಪೋಣಿಸಿ, ಅವನ್ನೆಲ್ಲ ಅಂಟು ಮತ್ತು ಕುಂಕುಮದಿಂದ ಬೆಸೆದು ಹಗ್ಗವನ್ನಾಗಿಸಲಾಗಿದೆ. ಕೋಣೆಯುದ್ದಕ್ಕೂ ಹರಿಯುವ ಈ ಕೆಂಪು ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಹೊಲಿಗೆಯ ತಾಳ್ಮೆ, ಕುಂಕುಮದ ಮಂಗಳ ಭಾವ, ರಕ್ತದ ನೆನಪು ಮತ್ತು ಚುಚ್ಚುವ ನೋವು ಇದರಲ್ಲಿ ಒಟ್ಟಿಗೇ ಇವೆ.

ಡಾರ್ಕ್‌ರೂಮ್ (೨೦೦೬): ಡಾಂಬರಿನ ಡ್ರಮ್ಮುಗಳಿಂದ ಕಟ್ಟಿದ ಮನೆಯಂಥ ರಚನೆ. ರಸ್ತೆ ಕೆಲಸಗಾರರು ಖಾಲಿ ಡ್ರಮ್ಮುಗಳ ತಗಡಿನಿಂದ ಹಾಕಿಕೊಳ್ಳುವ ತಾತ್ಕಾಲಿಕ ಗುಡಿಸಲು ಇದರ ಮೂಲ. ಹೊರಗಿನ ಡ್ರಮ್ಮುಗಳು ಅರಮನೆಯ ಕಂಬಗಳಂತೆ ನಿಂತಿವೆ. ಬಾಗಿ ಒಳಹೊಕ್ಕವರಿಗೆ ಚಾವಣಿಯ ತೂತುಗಳಿಂದ ಬರುವ ಬೆಳಕು ನಕ್ಷತ್ರಗಳಂತೆ ಕಾಣುತ್ತದೆ.

ಕೊಲ್ಯಾಟರಲ್ (೨೦೦೭): ಊದುಬತ್ತಿಯ ಹಿಟ್ಟನ್ನು ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ, ಸುಟ್ಟು, ಉಳಿದ ಬೂದಿಯನ್ನು ಹಾಗೆಯೇ ಪ್ರದರ್ಶಿಸಿದ ಕೃತಿ. ಕರ್ನಾಟಕದ ಊದುಬತ್ತಿ ಉದ್ಯಮದಲ್ಲಿ ಬತ್ತಿ ಹೊಸೆಯುವ ಕೆಲಸ ಬಹುಮಟ್ಟಿಗೆ ಮಹಿಳೆಯರದು. ದೇವರ ಮುಂದೆ ಉರಿಯುವ ಪರಿಮಳದ್ರವ್ಯ ಇಲ್ಲಿ ಸುಟ್ಟ ನೆಲವನ್ನು ನೆನಪಿಸುವ ಆಕಾರ ಪಡೆಯುತ್ತದೆ.

ಕಾಗೆಬಂಗಾರ: ಅಭ್ರಕಕ್ಕೆ ಕನ್ನಡದಲ್ಲಿರುವ ಹೆಸರನ್ನೇ ಶೀರ್ಷಿಕೆಯಾಗಿ ಪಡೆದ ಕೃತಿ. ಚಪ್ಪಟೆಗೊಳಿಸಿದ ಡ್ರಮ್ಮಿನ ತಗಡು, ಬಣ್ಣದ ಟಾರ್ಪಾಲು ಹಾಗೂ ಅಭ್ರಕವನ್ನು ಇದರಲ್ಲಿ ಬಳಸಲಾಗಿದೆ. ಬಂಗಾರದಂತೆ ಹೊಳೆದರೂ ಬಂಗಾರವಲ್ಲದ ವಸ್ತುವಿನ ಹೆಸರು ಬಡವರ ಸೂರಿನ ಸಾಮಗ್ರಿಗಳಿಗೆ ಇಲ್ಲಿ ತಗುಲಿಕೊಂಡಿದೆ.

ಬಿಹೋಲ್ಡ್ (೨೦೦೯): ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ ಮತ್ತು ಕಾರುಗಳ ಉಕ್ಕಿನ ಬಂಪರುಗಳು ಇದರ ಸಾಮಗ್ರಿ. ದಕ್ಷಿಣ ಭಾರತದ ದೇವಾಲಯಗಳಲ್ಲಿ ಭಕ್ತರು ಮುಡಿ ಕೊಡುತ್ತಾರೆ. ಉದ್ದ ಕೂದಲು ಕೃತಕ ಕೇಶದ ವ್ಯಾಪಾರಕ್ಕೆ ಹೋಗುತ್ತದೆ. ಗಿಡ್ಡ ಕೂದಲಿನಿಂದ ಹೊಸೆದ ಹಗ್ಗವನ್ನು ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕಟ್ಟುವುದುಂಟು. ಬೆಂಗಳೂರಿನ ಬೀದಿಗಳಲ್ಲಿ ಕಾಣುವ ಈ ರೂಢಿಯನ್ನು ಕಲಾವಿದೆ ತಿರುವುಮುರುವು ಮಾಡಿದ್ದಾರೆ: ಇಲ್ಲಿ ಭಾರವಾದ ಉಕ್ಕನ್ನು ಕೂದಲು ಎತ್ತಿ ಹಿಡಿದಿದೆ. ಈ ಕೃತಿ ಈಗ ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ.

ಸ್ಟಾಪ್‌ಓವರ್ (೨೦೧೨): ಕಲಾವಿದ ಕ್ರಿಸ್ಟಾಫ್ ಸ್ಟೋರ್ಜ್ ಅವರೊಂದಿಗೆ ಕೊಚ್ಚಿ-ಮುಜಿರಿಸ್ ದ್ವೈವಾರ್ಷಿಕ ಕಲಾಪ್ರದರ್ಶನಕ್ಕಾಗಿ ರೂಪಿಸಿದ ಕೃತಿ. ಮಿಕ್ಸಿ, ಗ್ರೈಂಡರುಗಳು ಬಂದಮೇಲೆ ಬೆಂಗಳೂರಿನ ಮನೆಗಳು ಬೀದಿಗೆ ಹಾಕಿದ ಒರಳುಕಲ್ಲುಗಳನ್ನು ಕೊಚ್ಚಿಗೆ ಸಾಗಿಸಿ ಅಲ್ಲಿ ಇರಿಸಲಾಯಿತು. ತಲೆಮಾರುಗಳ ಅಡುಗೆಮನೆಯ ದುಡಿಮೆಯನ್ನು ಕಂಡ ಈ ಕಲ್ಲುಗಳು ಹಳೆಯ ಸಾಂಬಾರ ಪದಾರ್ಥಗಳ ಬಂದರಿನಲ್ಲಿ ತಂಗಿದ್ದು ಶೀರ್ಷಿಕೆಗೆ ಅರ್ಥ ಒದಗಿಸುತ್ತದೆ.

ಶೈಲಿ

ಶೀಲಾ ಗೌಡ ಅವರ ಕೃತಿಗಳು ಘೋಷಣೆ ಅಥವಾ ಕಥನದ ರೂಪದಲ್ಲಿ ಸಾಮಾಜಿಕ ಟೀಕೆಯನ್ನು ಮಾಡುವುದಿಲ್ಲ. ರೂಪದಲ್ಲಿ ಅವು ಬಹುಮಟ್ಟಿಗೆ ಅಮೂರ್ತ. ಆದರೆ ವಸ್ತುವನ್ನು ಅದರ ಬಳಕೆಯಿಂದ ಪೂರ್ತಿಯಾಗಿ ಬೇರ್ಪಡಿಸದ ಕಾರಣ, ಅದು ಯಾರ ಕೈಯಲ್ಲಿ ತಯಾರಾಯಿತು, ಯಾರ ಮನೆಯಲ್ಲಿ ಸವೆಯಿತು ಎಂಬ ಪ್ರಶ್ನೆ ನೋಡುಗರಲ್ಲಿ ಉಳಿಯುತ್ತದೆ. ಪೋಣಿಸುವುದು, ಹೊಸೆಯುವುದು, ತಟ್ಟುವುದು ಮುಂತಾದ ನಿಧಾನದ ಕೈಕೆಲಸಗಳೇ ರಚನಾವಿಧಾನವೂ ಆಗಿವೆ.

ಪ್ರದರ್ಶನಗಳು ಮತ್ತು ಮನ್ನಣೆ

೨೦೦೭ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ೧೨ರಲ್ಲಿ ‘ಕೊಲ್ಯಾಟರಲ್’, ೨೦೦೯ರಲ್ಲಿ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ‘ಬಿಹೋಲ್ಡ್’ ಪ್ರದರ್ಶನಗೊಂಡವು. ೨೦೧೯ರಲ್ಲಿ ಇಟಲಿಯ ಮಿಲಾನ್ ನಗರದ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾದಲ್ಲಿ ‘ರಿಮೇನ್ಸ್’ ಎಂಬ ಏಕವ್ಯಕ್ತಿ ಪ್ರದರ್ಶನ ನಡೆಯಿತು. ೨೦೧೪ರ ಹ್ಯೂಗೊ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಅವರಿಗೆ ೨೦೧೯ರಲ್ಲಿ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಸಂದಿತು. ಇದರ ಅಂಗವಾಗಿ ೨೦೨೦ರಲ್ಲಿ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾಸಂಗ್ರಹಾಲಯದಲ್ಲಿ ಅವರ ಕೃತಿಗಳ ಪ್ರದರ್ಶನ ಏರ್ಪಟ್ಟಿತು.