ಕೊಲಾಜೆನ್ ಪೂರಕಗಳು: ಮೀನಿನದು, ದನದ್ದು

ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗಿ ಕೊಡುವ ನಾರಿನಂಥ ಪ್ರೋಟೀನು ಕೊಲಾಜೆನ್. ಸಸ್ತನಿಗಳ ದೇಹದ ಒಟ್ಟು ಪ್ರೋಟೀನಿನಲ್ಲಿ ಇದರ ಪಾಲು ಶೇ. 25ರಿಂದ 30. ಕಾಲುಸೂಪು ಆರಿದ ಮೇಲೆ ಹೆಪ್ಪುಗಟ್ಟಿ ಅಲುಗಾಡುವುದು ಇದರಿಂದಲೇ. ಕುದಿಯುವಾಗ ಕೊಲಾಜೆನ್ ಬಿಚ್ಚಿಕೊಂಡು ಜೆಲಾಟಿನ್ ಆಗಿರುತ್ತದೆ. ಜೆಲಾಟಿನನ್ನು ಕಿಣ್ವಗಳಿಂದ ಇನ್ನಷ್ಟು ತುಂಡರಿಸಿದರೆ ಹೆಪ್ಪುಗಟ್ಟದೆ ನೀರಿನಲ್ಲಿ ಕರಗುವ ಪೆಪ್ಟೈಡ್ ಪುಡಿ ಸಿಗುತ್ತದೆ. ಪೂರಕವೆಂದು ಮಾರುವುದು ಬಹುಮಟ್ಟಿಗೆ ಈ ಪುಡಿಯನ್ನೇ.

ಮೂಲ

ದನದ ಪುಡಿ ಬರುವುದು ತೊಗಲಿನ ಒಳಪದರ ಮತ್ತು ಮೂಳೆಗಳಿಂದ. ಮೀನಿನದು, ಮಾಂಸ ತೆಗೆದ ಮೇಲೆ ಉಳಿಯುವ ಚರ್ಮ ಮತ್ತು ಹುರುಪೆಗಳಿಂದ. ಡಬ್ಬಿಯ ಮೇಲೆ ‘ಮರೈನ್’ ಎಂದಿದ್ದರೂ ಒಳಗಿರುವುದು ಸಿಹಿನೀರಿನ ಕೊಳದಲ್ಲಿ ಸಾಕಿದ ತಿಲಾಪಿಯಾದ್ದಾಗಿರಬಹುದು. ‘ಬೋವೈನ್’ ಎಂದರೆ ದನದ್ದು.

ರಚನೆ

ಕೊಲಾಜೆನ್ನಿನ ರಚನೆ ಬಿಡಿಸಿದ್ದು ಮದ್ರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್, ಗೋಪಿನಾಥ ಕರ್ತಾ ಅವರೊಡನೆ ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ಕಿರಣ ಚಿತ್ರಗಳನ್ನು ಪರಿಶೀಲಿಸಿ, ಇದು ಮೂರೆಳೆಯ ರಚನೆ ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಳೆಗಳು ಹಗ್ಗದಂತೆ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದು ಮರುವರ್ಷ ತಾವೇ ತಿದ್ದಿಕೊಂಡರು. ಹೊಸೆತದ ನಡುವೆ ಜಾಗ ಬಲು ಕಿರಿದು. ಹಾಗಾಗಿ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಸಣ್ಣ ಅಮೈನೊ ಆಮ್ಲವಾದ ಗ್ಲೈಸಿನ್ ಮಾತ್ರ ಹಿಡಿಸುತ್ತದೆ. ಹಗ್ಗ ಬಿಚ್ಚದಂತೆ ಕಾಯುವುದು ಹೈಡ್ರಾಕ್ಸಿಪ್ರೋಲಿನ್ ಎಂಬ ಇನ್ನೊಂದು ಅಮೈನೊ ಆಮ್ಲ.

ಮೀನಿಗೂ ದನಕ್ಕೂ ಮುಖ್ಯ ವ್ಯತ್ಯಾಸ ಇಲ್ಲಿದೆ. ಮೀನಿನಲ್ಲಿ, ಅದರಲ್ಲೂ ತಣ್ಣೀರಿನ ಮೀನಿನಲ್ಲಿ, ಹೈಡ್ರಾಕ್ಸಿಪ್ರೋಲಿನ್ ಕಡಿಮೆ. ಕಾಡ್ ಮೀನಿನ ಹಗ್ಗ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೇ ಬಿಚ್ಚಿಕೊಂಡರೆ ದನದ್ದು 40ರ ಆಸುಪಾಸಿನವರೆಗೆ ತಾಳುತ್ತದೆ. ಜೆಲ್ಲಿ ಮಾಡುವವರಿಗೆ ಇದು ದೊಡ್ಡ ವಿಷಯ. ಪೂರಕ ಕೊಳ್ಳುವವರಿಗೆ ಅಲ್ಲ: ಸುಮಾರು 3,00,000 ಡಾಲ್ಟನ್ ತೂಕದ ಹಗ್ಗವನ್ನು ಕೆಲವೇ ಸಾವಿರ ಡಾಲ್ಟನ್‌ಗಳ ತುಂಡುಗಳಾಗಿ ಕತ್ತರಿಸಿದ ಮೇಲೆ ಹೊಸೆತವೇ ಉಳಿದಿರುವುದಿಲ್ಲ. ಎರಡರಲ್ಲೂ ಹೆಚ್ಚಾಗಿರುವುದು ಒಂದನೆಯ ಬಗೆಯ ಕೊಲಾಜೆನ್. ದನದ ತೊಗಲಿನಲ್ಲಿ ಮೂರನೆಯ ಬಗೆಯೂ ಇದೆ. ಜೀರ್ಣವಾದ ಮೇಲೆ ಆ ಭೇದಕ್ಕೂ ಹೆಚ್ಚಿನ ಅರ್ಥವಿಲ್ಲ. ಮೀನಿನದು ಮೈಗೆ ಬೇಗ ಹತ್ತುತ್ತದೆಂಬ ಜಾಹೀರಾತಿನ ಮಾತನ್ನು ಎಚ್ಚರದಿಂದಲೇ ಓದಬೇಕು. ಹೀರಿಕೆಯನ್ನು ನಿರ್ಧರಿಸುವುದರಲ್ಲಿ ಪ್ರಾಣಿಗಿಂತ ತುಂಡಿನ ಗಾತ್ರದ ಪಾತ್ರ ದೊಡ್ಡದು.

ಪರಿಣಾಮ

ಚರ್ಮದ ತೇವ, ಸ್ಥಿತಿಸ್ಥಾಪಕತೆ ತುಸು ಸುಧಾರಿಸಿದ್ದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಅವುಗಳಲ್ಲಿ ಹಲವಕ್ಕೆ ಹಣ ಕೊಟ್ಟವರು ತಯಾರಕರೇ. ಕೀಲುಗಳ ಆರೋಗ್ಯದ ಬಗೆಗಿನ ಹೇಳಿಕೆಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಒಪ್ಪಲಿಲ್ಲ. ಎರಡರಲ್ಲೂ ಟ್ರಿಪ್ಟೊಫ್ಯಾನ್ ಎಂಬ ಅತ್ಯಗತ್ಯ ಅಮೈನೊ ಆಮ್ಲ ಇಲ್ಲದ್ದರಿಂದ ಬೇಳೆ, ಮೊಟ್ಟೆಗಳ ಪ್ರೋಟೀನಿಗೆ ಇವು ಬದಲಿಯಲ್ಲ.

ಆಯ್ಕೆ

ಮೀನಿನ ಅಲರ್ಜಿ ಇರುವವರು ಮೀನಿನ ಪುಡಿಯಿಂದ ದೂರವಿರಬೇಕು. ಉಳಿದವರ ಆಯ್ಕೆಯನ್ನು ನಿರ್ಧರಿಸುವುದು ಹೆಚ್ಚಾಗಿ ಧರ್ಮ, ಬೆಲೆ, ವಾಸನೆ. ಸಸ್ಯಗಳಲ್ಲಿ ಕೊಲಾಜೆನ್ ಇಲ್ಲ. ‘ಸಸ್ಯಮೂಲದ ಕೊಲಾಜೆನ್’ ಎಂಬ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ ಸಿ ಮತ್ತು ಬಿಡಿ ಅಮೈನೊ ಆಮ್ಲಗಳು.