ಹಿತ್ತಲ ಬಾತುಕೋಳಿ ಕಳೆದುಕೊಂಡದ್ದೇನು, ಉಳಿಸಿಕೊಂಡದ್ದೇನು?

ಸಂತೆಯಲ್ಲಿ ಹಳದಿ ಬಾತುಮರಿ ಕಂಡರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಹಟ ಹಿಡಿದು ಎರಡು ಮರಿ ಕೊಡಿಸಿಕೊಂಡೇ ಮನೆಗೆ ಬರುತ್ತಾರೆ. ಆಮೇಲೆ ದೊಡ್ಡವರ ಪ್ರಶ್ನೆ ಶುರು. ಕೆರೆ ಇಲ್ಲದೆ ಇದು ಬದುಕುತ್ತದೆಯೇ? ಹಾರಿ ಹೋಗುತ್ತದೆಯೇ? ಮೊಟ್ಟೆ ಇಟ್ಟರೂ ಕಾವಿಗೆ ಯಾಕೆ ಕೂರುವುದಿಲ್ಲ? ಕೋಳಿಗೆ ಹಾಕುವುದನ್ನೇ ಇದಕ್ಕೂ ಹಾಕಬಹುದೇ?

ಈ ಪ್ರಶ್ನೆಗಳಿಗೆಲ್ಲ ಉತ್ತರ ಬಾತುಕೋಳಿಯ ಚರಿತ್ರೆಯಲ್ಲೇ ಸಿಗುತ್ತದೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮನುಷ್ಯನ ಜೊತೆ ಬಾಳಿದ ಈ ಹಕ್ಕಿ ಕೆಲವು ಗುಣ ಕಳೆದುಕೊಂಡಿದೆ, ಕೆಲವನ್ನು ಬಿಟ್ಟೇ ಇಲ್ಲ. ಕಳೆದುಕೊಂಡದ್ದನ್ನು ಸಾಕುವವರು ತುಂಬಿಕೊಡಬೇಕು. ಬಿಡದೆ ಉಳಿಸಿಕೊಂಡದ್ದಕ್ಕೆ ಹಿತ್ತಲಲ್ಲಿ ಜಾಗ ಕೊಡಬೇಕು. ಹೊಸದಾಗಿ ಸಾಕುವವರು ಇಷ್ಟು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಕಾಡಿನಿಂದ ಹಿತ್ತಲಿಗೆ

ಜಗತ್ತಿನ ಸಾಕುಬಾತುಗಳೆಲ್ಲ ಹೆಚ್ಚುಕಡಿಮೆ ಒಂದೇ ವಂಶದವು. ಮಲ್ಲಾರ್ಡ್ ಎಂಬ ಕಾಡುಬಾತು ಅವುಗಳ ಮೂಲ. ಗಂಡಿನ ತಲೆ ಹೊಳೆಯುವ ಹಸಿರು, ಬಾಲದ ಮೇಲೆ ಸುರುಳಿ ಗರಿ. ಆ ಸುರುಳಿ ಗರಿ ನಮ್ಮ ಮನೆಯ ಗಂಡುಬಾತಿಗೂ ಇರುತ್ತದೆ. ಗಂಡು ಹೆಣ್ಣು ಗುರುತಿಸಲು ಅದನ್ನೇ ನೋಡಿ. ಜೋರಾಗಿ ಕ್ವಾಕ್ ಕ್ವಾಕ್ ಎನ್ನುವುದು ಹೆಣ್ಣು. ಗಂಡಿನದು ಗಂಟಲು ಕಟ್ಟಿದ ದನಿ.

ಕೆಂಪು ಮುಖದ ಮಸ್ಕೊವಿ ಬಾತು ಮಾತ್ರ ಬೇರೆ ಕುಲ. ಅದನ್ನು ಪಳಗಿಸಿದವರು ದಕ್ಷಿಣ ಅಮೆರಿಕದ ಮೂಲನಿವಾಸಿಗಳು.

ಮಲ್ಲಾರ್ಡನ್ನು ಪಳಗಿಸಿ ಸಾಕುವುದರಲ್ಲಿ ಚೀನಾ ಮುಂದಿತ್ತು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಹಾನ್ ಕಾಲದ ಗೋರಿಗಳಲ್ಲಿ ಸುಟ್ಟ ಮಣ್ಣಿನ ಬಾತುಗಳು ಸಿಕ್ಕಿವೆ. ಸತ್ತವರ ಜೊತೆ ಮನೆ, ಬಾವಿ, ಹಂದಿಗೂಡಿನ ಗೊಂಬೆಗಳನ್ನು ಇಡುವ ಪದ್ಧತಿ ಅಲ್ಲಿತ್ತು. ಬಾತು ಕೂಡ ಆ ಸಂಸಾರದಲ್ಲಿ ಸೇರಿತ್ತು.

ಅದೇ ಸುಮಾರಿಗೆ ರೋಮ್‌ನಲ್ಲಿ ಕೃಷಿಯ ಬಗ್ಗೆ ಗ್ರಂಥ ಬರೆದ ಕೊಲುಮೆಲ್ಲಾ, ಬಾತು ಸಾಕುವ ಆವರಣ ಹೇಗಿರಬೇಕೆಂದು ವಿವರಿಸಿದ್ದಾನೆ. ಸುತ್ತ 15 ಅಡಿ ಎತ್ತರದ ಗೋಡೆ, ಮೇಲೆ ಬಲೆ. ಅಂದರೆ ಆ ಕಾಲದ ಬಾತು ಇನ್ನೂ ಹಾರುತ್ತಿತ್ತು, ಬಿಟ್ಟರೆ ಓಡುತ್ತಿತ್ತು. ಅವನು ಇನ್ನೊಂದು ಉಪಾಯವನ್ನೂ ಹೇಳುತ್ತಾನೆ. ಜೌಗಿನಿಂದ ಕಾಡುಬಾತಿನ ಮೊಟ್ಟೆ ತಂದು ಸಾಕುಕೋಳಿಯ ಕೆಳಗೆ ಕಾವಿಗಿಡಿ, ಹಾಗೆ ಹುಟ್ಟಿ ಬೆಳೆದ ಮರಿ ಕಾಡುಗುಣ ಬಿಡುತ್ತದೆ ಎಂದು.

ಇಂದು ನಮ್ಮಲ್ಲಿ ಆ ಕೆಲಸ ಮಾಡಬೇಡಿ. ಕೆರೆಯ ಕಾಡುಬಾತುಗಳಿಗೂ ಅವುಗಳ ಮೊಟ್ಟೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಹಾರಾಟ ಹೋಯಿತು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಾತಿನ ದೊಡ್ಡ ಕುಟುಂಬಕ್ಕೇ ಸೇರಿದ ಹಕ್ಕಿಗಳವು. ಆದರೆ ನಮ್ಮ ಹಿತ್ತಲ ಬಾತು ಕಾಂಪೌಂಡ್ ಗೋಡೆ ದಾಟಲಾರದು. ಯಾಕೆ ಹೀಗಾಯಿತು?

ಈ ಪ್ರಶ್ನೆಗೆ ಚಾರ್ಲ್ಸ್ ಡಾರ್ವಿನ್ ತಕ್ಕಡಿ ಹಿಡಿದು ಉತ್ತರ ಹುಡುಕಿದರು. ಕಾಡುಬಾತು ಮತ್ತು ಸಾಕುಬಾತಿನ ಮೂಳೆಗಳನ್ನು ತೂಗಿ ನೋಡಿದರು. ಇಡೀ ಅಸ್ಥಿಪಂಜರಕ್ಕೆ ಹೋಲಿಸಿದರೆ ಸಾಕುಬಾತಿನ ರೆಕ್ಕೆಯ ಮೂಳೆ ಹಗುರ, ಕಾಲಿನ ಮೂಳೆ ಭಾರ. ಹಾರುವುದು ಕಡಿಮೆಯಾಗಿ ನಡೆಯುವುದು ಹೆಚ್ಚಾದದ್ದರ ಫಲ ಇದು ಎಂದು 1859ರ ತಮ್ಮ ಪ್ರಸಿದ್ಧ ಗ್ರಂಥದಲ್ಲೇ ಬರೆದರು.

ಡಾರ್ವಿನ್ನರ ಸಮಕಾಲೀನ ಆಲ್‌ಫ್ರೆಡ್ ರಸೆಲ್ ವಾಲೇಸ್ 1856ರಲ್ಲಿ ಬಾಲಿ, ಲೊಂಬೊಕ್ ದ್ವೀಪಗಳಿಗೆ ಹೋಗಿದ್ದರು. ಅಲ್ಲಿನ ಬಾತುಗಳು ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತು ಸಾಲಾಗಿ ನಡೆಯುವುದನ್ನು ಕಂಡು ದಾಖಲಿಸಿದರು. ಗದ್ದೆಯಿಂದ ಗದ್ದೆಗೆ ನಡೆದೇ ಮೇಯುವ ತಳಿ ಅದು. ಮುಂದೆ ಇಂಗ್ಲೆಂಡಿಗೆ ಹೋದಾಗ ಅದಕ್ಕೆ ‘ಇಂಡಿಯನ್ ರನ್ನರ್’ ಎಂಬ ಹೆಸರು ಬಿತ್ತು. ಹೆಸರಿನಲ್ಲಷ್ಟೇ ಇಂಡಿಯಾ, ಊರು ಮಾತ್ರ ಇಂಡೋನೇಷ್ಯಾ.

ಇದರಿಂದ ಕಲಿಯಬೇಕಾದದ್ದು ಇಷ್ಟು. ಹಾರಲಾರದ ಹಕ್ಕಿಗೆ ನಾಯಿ, ಮುಂಗುಸಿ, ಕಾಡುಬೆಕ್ಕಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೋಳಿಯಂತೆ ಮರ ಹತ್ತಿ ಕೂರುವುದೂ ಇಲ್ಲ, ನೆಲದ ಮೇಲೇ ಮಲಗುತ್ತದೆ. ಆದ್ದರಿಂದ ಮರಿ ತರುವ ಮುಂಚೆಯೇ ರಾತ್ರಿಯ ಗೂಡು ಕಟ್ಟಿ. ಒಂದು ಬಾತಿಗೆ 3ರಿಂದ 4 ಚದರ ಅಡಿ ಲೆಕ್ಕ ಹಿಡಿಯಿರಿ. ಬಾಗಿಲು ಭದ್ರವಾಗಿರಲಿ, ಗಾಳಿ ಆಡಲಿ, ನೆಲಕ್ಕೆ ಒಣ ಹುಲ್ಲೋ ಭತ್ತದ ಹೊಟ್ಟೋ ಹಾಸಿ. ಹಿಡಿದೆತ್ತುವಾಗ ಕಾಲು ಹಿಡಿಯಬೇಡಿ, ಉಳುಕಿದರೆ ಬಾತು ಎದ್ದು ನಡೆಯಲಾರದು. ರೆಕ್ಕೆ ಸಮೇತ ಮೈಯನ್ನು ಎರಡೂ ಕೈಯಲ್ಲಿ ಹಿಡಿಯಿರಿ.

ಕಾವೂ ಹೋಯಿತು

ಬಾತಿನ ಮೊಟ್ಟೆ ಮರಿಯಾಗಲು 28 ದಿನ ಬೇಕು, ಮಸ್ಕೊವಿಯದಕ್ಕೆ 35 ದಿನ. ತಾಯಿ ಕಾವಿಗೆ ಕೂತರೆ ಅಷ್ಟು ದಿನ ಮೊಟ್ಟೆ ನಿಂತುಹೋಗುತ್ತದೆ. ಸಾಕುವವರಿಗೆ ಅದು ನಷ್ಟ. ಹೀಗಾಗಿ ಕಾವಿನ ಕೆಲಸವನ್ನು ಬಾತಿನಿಂದ ತೆಗೆದು ಬೇರೆಯವರಿಗೆ ವಹಿಸುವ ಪದ್ಧತಿ ದೇಶದೇಶಗಳಲ್ಲಿ ಬೆಳೆಯಿತು. ಚೀನಾದಲ್ಲಿ ಭತ್ತದ ಹೊಟ್ಟು ಬಿಸಿ ಮಾಡಿ, ಅದರ ಶಾಖದಲ್ಲಿ ಬುಟ್ಟಿಗಟ್ಟಲೆ ಮೊಟ್ಟೆ ಮರಿ ಮಾಡಿಸುತ್ತಿದ್ದರು.

ಇಂಗ್ಲೆಂಡಿನ ಏಲ್ಸ್‌ಬರಿ ಎಂಬ ಪಟ್ಟಣದಲ್ಲಿ 19ನೇ ಶತಮಾನದ ಬಡವರು ಇದನ್ನೇ ಮನೆಯ ಕಸುಬಾಗಿ ಮಾಡಿಕೊಂಡಿದ್ದರು. ಬಿಳಿ ಬಾತಿನ ಮೊಟ್ಟೆಯನ್ನು ಕೋಳಿಯ ಕೆಳಗಿಟ್ಟು, ಹುಟ್ಟಿದ ಮರಿಗಳನ್ನು ತಾವು ಮಲಗುವ ಕೋಣೆಯಲ್ಲೇ ಒಲೆಯ ಶಾಖಕ್ಕೆ ಬೆಳೆಸಿ, ಸುಮಾರು ಎಂಟು ವಾರಕ್ಕೆ ಲಂಡನ್ನಿಗೆ ಮಾರುತ್ತಿದ್ದರು. 1839ರಲ್ಲಿ ಊರಿಗೆ ರೈಲು ಬಂದ ಮೇಲೆ ವ್ಯಾಪಾರ ಏರಿತು. ಆದರೆ 1870ರ ದಶಕದಲ್ಲಿ ಚೀನಾದಿಂದ ಪೆಕಿನ್ ಬಾತು ಬಂತು. ಸಾಕಲು ಸುಲಭ, ಖರ್ಚು ಕಡಿಮೆ. ಏಲ್ಸ್‌ಬರಿ ತಳಿ ಮೂಲೆಗೆ ಸರಿಯಿತು. ಶುದ್ಧ ತಳಿ ಈಗ ಬಹಳ ಅಪರೂಪ.

ಅದೇ ದೇಶದ ಊಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ಇದ್ದರು. ಚೆನ್ನಾಗಿ ಮೊಟ್ಟೆ ಇಡುವ ಒಂದು ರನ್ನರ್ ಹೆಣ್ಣಿಗೆ ರೂವೆನ್ ಎಂಬ ದೊಡ್ಡ ತಳಿಯ ಗಂಡು ಕೂಡಿಸಿ, ಮುಂದೆ ಮಲ್ಲಾರ್ಡನ್ನೂ ಸೇರಿಸಿ, 1900ರ ಆಸುಪಾಸಿನಲ್ಲಿ ಹೊಸ ತಳಿ ಮಾಡಿದರು. ಬಣ್ಣ ಆಗಿನ ಬ್ರಿಟಿಷ್ ಸೈನಿಕರ ಸಮವಸ್ತ್ರದಂತಿತ್ತು. ಹಾಗಾಗಿ ಖಾಕಿ ಕ್ಯಾಂಪ್‌ಬೆಲ್ ಎಂದು ಹೆಸರಿಟ್ಟರು. ಖಾಕಿ ನಮಗೇನೂ ಹೊಸದಲ್ಲ, ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ಅದಕ್ಕೂ ಮೊದಲೇ ಆ ಬಟ್ಟೆ ನೇಯುತ್ತಿತ್ತು.

ಖಾಕಿ ಕ್ಯಾಂಪ್‌ಬೆಲ್ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 280ರಿಂದ 300 ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವುದು ತೀರಾ ಅಪರೂಪ. ಅದಕ್ಕೆ ಅದನ್ನು ಬೈದು ಫಲವಿಲ್ಲ, ನಾವು ಮನುಷ್ಯರೇ ಆ ಗುಣವನ್ನು ತಳಿಯಿಂದ ತೆಗೆದದ್ದು. ಮರಿ ಬೇಕೆಂದರೆ ಏಲ್ಸ್‌ಬರಿಯವರಂತೆ ಮಾಡಿ. ಕಾವಿಗೆ ಬಂದ ಹೇಂಟೆಯ ಕೆಳಗೆ 8ರಿಂದ 10 ಬಾತಿನ ಮೊಟ್ಟೆ ಇಡಿ. ಹೇಂಟೆಗೆ 21 ದಿನದ ರೂಢಿ, ಬಾತಿಗೆ ಇನ್ನೊಂದು ವಾರ ಬೇಕು. ಅಷ್ಟರಲ್ಲಿ ಅದು ಎದ್ದುಹೋಗದಂತೆ ಮೇವು ನೀರು ಹತ್ತಿರದಲ್ಲೇ ಕೊಡಿ. ತಿನ್ನಲು ಮೊಟ್ಟೆ ಮಾತ್ರ ಸಾಕು ಎನ್ನುವವರಿಗೆ ಗಂಡಿನ ಅಗತ್ಯವೇ ಇಲ್ಲ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಗಿನ ಜಾವ. 9 ಗಂಟೆಯವರೆಗೆ ಗೂಡಲ್ಲೇ ಬಿಟ್ಟರೆ ಮೊಟ್ಟೆ ಹುಡುಕುವ ಕಷ್ಟ ತಪ್ಪುತ್ತದೆ.

ನೀರಿನ ಆಸೆ ಹೋಗಲಿಲ್ಲ

ರೆಕ್ಕೆ ಹೋಯಿತು, ಕಾವು ಹೋಯಿತು, ನೀರಿನ ಗುಣ ಮಾತ್ರ ಹಾಗೇ ಉಳಿಯಿತು. ಏಲ್ಸ್‌ಬರಿಯ ಕೋಣೆಗಳಲ್ಲಿ ಕೆರೆ ಇರಲಿಲ್ಲ, ಬಾತುಗಳು ಬದುಕಿದವು. ಈಜಲು ಕೆರೆ ಇರಲೇಬೇಕೆಂದಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ತಲೆ ಮುಳುಗಿಸಿ ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳುವಷ್ಟು ಆಳದ ನೀರು ಯಾವಾಗಲೂ ಬೇಕು. ಇಲ್ಲವಾದರೆ ಕಣ್ಣು ಅಂಟಿಕೊಂಡು ರೋಗ ಹತ್ತುತ್ತದೆ. ಅರ್ಧ ಅಡಿ ಆಳದ ಅಗಲ ಬೋಗುಣಿ ಸಾಕು. ಬಾತು ಒಂದು ತುತ್ತು ತಿಂದು ಒಂದು ಗುಟುಕು ಕುಡಿಯುವ ಹಕ್ಕಿ, ಮೇವಿನ ಪಕ್ಕದಲ್ಲೇ ನೀರಿಡಿ.

ಮರಿಗಳ ವಿಷಯದಲ್ಲಿ ಮಾತ್ರ ಹುಷಾರು. ತಾಯಿಬಾತು ಇಲ್ಲದೆ ಬೆಳೆಯುವ ಎಳೆಮರಿ ನೀರಿಗಿಳಿದರೆ ಗರಿ ತೊಯ್ದು, ಚಳಿ ಹಿಡಿದು ಸಾಯಬಹುದು. ಮೊದಲ ಕೆಲವು ವಾರ ಕುಡಿಯುವಷ್ಟು ನೀರು ಸಾಕು. ರಾತ್ರಿ ಬೆಚ್ಚಗಿರಲು ಬಲ್ಬಿನ ಶಾಖ ಕೊಡಿ.

ಮೇಯುವ ಬುದ್ಧಿಯೂ ಹೋಗಲಿಲ್ಲ

ಚೀನಾದಲ್ಲಿ 16ನೇ ಶತಮಾನದ ಕೊನೆಗೆ ಫುಜಿಯಾನ್ ಪ್ರಾಂತ್ಯದ ಚೆನ್ ಜಿಂಗ್‌ಲುನ್ ಎಂಬಾತ ಮಿಡತೆ ಹಾವಳಿಗೆ ಬಾತಿನ ಹಿಂಡು ಬಿಡುವ ಉಪಾಯ ಬರೆದಿಟ್ಟ. ಜಪಾನಿನ ರೈತ ತಕಾವೊ ಫುರುನೊ 1988ರಿಂದ ಭತ್ತದ ಗದ್ದೆಗೆ ಬಾತುಮರಿ ಬಿಟ್ಟು, ಕಳೆನಾಶಕವಿಲ್ಲದೆ ಬೆಳೆ ತೆಗೆದು ಹೆಸರಾದರು. ಮರಿಗಳು ಕಳೆ, ಹುಳ ತಿನ್ನುತ್ತವೆ, ಹಿಕ್ಕೆ ಗೊಬ್ಬರವಾಗುತ್ತದೆ. ತೆನೆ ಬರುವ ಹೊತ್ತಿಗೆ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಭತ್ತವನ್ನೇ ತಿನ್ನುತ್ತವೆ. ನಮ್ಮ ದಕ್ಷಿಣದಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುತ್ತ ಊರೂರು ತಿರುಗುವವರು ಹಿಂದಿನಿಂದಲೂ ಇದ್ದಾರೆ. ಕೇರಳದ ಕುಟ್ಟನಾಡಿನ ಚಾರ, ಚೆಂಬಳ್ಳಿ ತಳಿಗಳು ಆ ಬದುಕಿಗೇ ಹೊಂದಿಕೊಂಡವು.

ಹಿತ್ತಲಲ್ಲೂ ಇದೇ ಲೆಕ್ಕ. ಬಸವನಹುಳ, ಗೊಂಡೆಹುಳ, ಮಿಡತೆ ಬಾತಿಗೆ ಇಷ್ಟ. ಕೋಳಿಯಂತೆ ನೆಲ ಕೆದರುವುದಿಲ್ಲ. ಆದರೆ ಎಳೆ ಸೊಪ್ಪಿನ ಮಡಿಗೆ ಬಿಟ್ಟರೆ ಸೊಪ್ಪು ಉಳಿಯುವುದಿಲ್ಲ. ತೆಂಗು, ಬಾಳೆ, ಅಡಿಕೆಯ ಬುಡದಲ್ಲಿ ಬಿಡಿ, ಸೊಪ್ಪಿನ ಮಡಿಗೆ ಬೇಲಿ ಹಾಕಿ.

ಹಿಂಡಿ ಕಲಿಸಿದ ಪಾಠ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬಾತುಮರಿಗಳೂ ಸತ್ತವು. ರೋಗ ಯಾವುದೆಂದು ತಿಳಿಯದೆ ‘ಟರ್ಕಿ ಎಕ್ಸ್’ ಎಂದು ಕರೆದರು. ಕೊನೆಗೆ ಸಿಕ್ಕ ಕಾರಣ, ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಆ ಘಟನೆಯ ನಂತರ. ಈ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಕಡಿಮೆ.

ಶೇಂಗಾ ಹಿಂಡಿ, ಮೆಕ್ಕೆಜೋಳ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂದದ್ದನ್ನು ‘ದನಕ್ಕೆ ಬೇಡ, ಬಾತಿಗೆ ಹಾಕೋಣ’ ಎನ್ನಬೇಡಿ. ವಾಸನೆ ಬಂದ ಮೇವು ಗುಂಡಿಗೇ ಹೋಗಲಿ. ನೆನೆಸಿದ ಮೇವನ್ನು ಆಯಾ ಹೊತ್ತಿಗೇ ಮುಗಿಸಿ, ತೊಟ್ಟಿ ತೊಳೆಯಿರಿ.

ಹೆಸರಘಟ್ಟ ಕಲಿಸಿದ ಪಾಠ

ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರ ಬಾತು ತಳಿ ಕೇಂದ್ರವನ್ನೇ ನಡೆಸುತ್ತಿತ್ತು. ಖಾಕಿ ಕ್ಯಾಂಪ್‌ಬೆಲ್ ಮರಿಗಳು ಅಲ್ಲಿಂದ ರೈತರಿಗೆ ಹೋಗುತ್ತಿದ್ದವು. ಮುಂದೆ ಅದು ಅಲ್ಲಿನ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಸೇರಿತು. 2012ರ ಅಕ್ಟೋಬರಿನಲ್ಲಿ ಅಲ್ಲಿ ಟರ್ಕಿ ಕೋಳಿಗಳು ಸಾಯತೊಡಗಿದವು. ಹಕ್ಕಿಜ್ವರ ಎಂದು ಖಚಿತವಾಯಿತು. ರೋಗ ಹೊರಗೆ ಹರಡದಂತೆ ಆವರಣದಲ್ಲಿದ್ದ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2014ರಲ್ಲಿ ಕೇರಳದ ಆಲಪ್ಪುಳದಲ್ಲಿ ಬಾತು ಸಾಕುವವರೂ ಇದೇ ಜ್ವರದಿಂದ ಹಿಂಡುಗಳನ್ನೇ ಕಳೆದುಕೊಂಡರು.

ಬಾತು ಕೆಲವೊಮ್ಮೆ ತಾನು ಆರೋಗ್ಯವಾಗಿ ಕಾಣುತ್ತಲೇ ಈ ರೋಗಾಣುವನ್ನು ಹೊತ್ತಿರುತ್ತದೆ. ಹಾಗೆಂದು ಹೆದರಿ ಕೂರಬೇಕಿಲ್ಲ. ವಲಸೆ ಹಕ್ಕಿ ಬರುವ ಕೆರೆಗೆ ಸಾಕುಬಾತು ಬಿಡಬೇಡಿ. ಹೊಸ ಹಕ್ಕಿ ತಂದರೆ ಕೆಲವು ದಿನ ಬೇರೆ ಇಡಿ. ಮುಟ್ಟಿದ ಮೇಲೆ ಮಕ್ಕಳಿಗೆ ಸೋಪಿನಿಂದ ಕೈ ತೊಳೆಸಿ. ಬಾತಿನ ಮೊಟ್ಟೆ ಚೆನ್ನಾಗಿ ಬೇಯಿಸಿಯೇ ತಿನ್ನಿ. ಒಮ್ಮೆಲೇ ಹಲವು ಹಕ್ಕಿ ಸತ್ತರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಿ. ಬಾತು ಪ್ಲೇಗಿನ ಲಸಿಕೆ ಯಾವಾಗ ಎಂದು ಅಲ್ಲೇ ಕೇಳಿ.

ಬೇಡವಾದರೆ ಕೆರೆಗೆ ಬಿಡಬಹುದೇ?

ಮರಿ ದೊಡ್ಡದಾಗಿ ಗದ್ದಲ ಮಾಡತೊಡಗಿದಾಗ, ಅಂಗಳ ಗಲೀಜಾದಾಗ ‘ನೀರಿನ ಹಕ್ಕಿ ತಾನೇ, ಕೆರೆಗೆ ಬಿಟ್ಟರಾಯಿತು’ ಎಂದು ಅನ್ನಿಸುವುದು ಸಹಜ. ಆದರೆ ಕೆರೆಯ ದಡದಲ್ಲಿ ನಾಯಿ ಬಂದರೆ ಹಾರಲು ಅದಕ್ಕೆ ರೆಕ್ಕೆಯ ಬಲವಿಲ್ಲ. ಬಿಳಿ ಮೈ ಅಡಗಲು ಬಿಡುವುದಿಲ್ಲ. ಹಾಗೆ ಬಿಡುವುದೆಂದರೆ ಕೊಂದಂತೆ.

ಆದ್ದರಿಂದ ಸಂತೆಯಲ್ಲಿ ದುಡ್ಡು ಕೊಡುವ ಮೊದಲೇ ಯೋಚಿಸಿ. ಬಾತು ಹತ್ತು ವರ್ಷದಷ್ಟು ಬದುಕಬಲ್ಲ ಹಕ್ಕಿ, ಒಂಟಿಯಾಗಿ ಇರಲಾರದು. ರಾತ್ರಿಗೆ ಗಟ್ಟಿ ಗೂಡು, ಹಗಲಿಗೆ ತಲೆ ಮುಳುಗುವಷ್ಟು ನೀರು, ಬೂಷ್ಟಿಲ್ಲದ ಮೇವು, ಒಂದು ಜೊತೆ. ಇಷ್ಟು ಕೊಡಲು ಸಾಧ್ಯವಿದ್ದರೆ ಎರಡು ಹೆಣ್ಣುಮರಿ ತಂದು ಶುರು ಮಾಡಿ. ಸಾಧ್ಯವಿಲ್ಲದಿದ್ದರೆ ಮಕ್ಕಳಿಗೆ ಈ ಚರಿತ್ರೆ ಹೇಳಿ, ಮಾಗಡಿ ಕೆರೆಯ ಹೆಬ್ಬಾತು ತೋರಿಸಿಕೊಂಡು ಬನ್ನಿ.